ಹಿಟ್ಟು ಮುಗಿಯುವ ತನಕ ಕಥೆ

ನನ್ನ ಮಗಳು ಬರೆದ ಕಥೆಗೆ ಅವಳ ಕನ್ನಡ ಮೇಡಂ ಸೊನ್ನೆ ಹಾಕಿ ಕಳಿಸಿದ್ದರು. ಚೆನ್ನಾಗಿಲ್ಲ ಅಂತಲ್ಲ, ತೀರಾ ಚೆನ್ನಾಗಿದೆ ಅಂತ. ಯಾವುದೋ ವಾರಪತ್ರಿಕೆಯಿಂದ ಇಳಿಸಿದ್ದು ಎಂದು ಇಡೀ ಕ್ಲಾಸಿನ ಎದುರು ಹೇಳಿದರಂತೆ, ಹುಡುಗಿಯರು ನಕ್ಕರಂತೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಸಿದ್ದಾಪುರದ ಒಂದು ವಠಾರದಲ್ಲಿದ್ದೆವು, ಅವಳು ಜಯನಗರದ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಕಳ್ಳಿ ಅನ್ನಿಸಿಕೊಂಡ ಮೇಲೆ ಶಾಲೆಗೇ ಹೋಗುವುದಿಲ್ಲ ಎಂದು ಚೀಲ ಎಸೆದು ಮೂಲೆ ಸೇರಿದಳು.

ಅವಳು ಕದ್ದಿರಲಿಲ್ಲ. ನನಗೆ ಗೊತ್ತು, ಯಾಕೆಂದರೆ ಕಥೆ ಕಟ್ಟುವುದನ್ನು ಕಲಿಸಿದವಳು ನಾನು. ನಾನು ಓದಿದ್ದು ಮೂರನೇ ಕ್ಲಾಸು.

ಅವಳ ನೋಟ್‌ಬುಕ್ಕಿನಲ್ಲಿ ವಸ್ತು, ಪಾತ್ರ, ಸಂಘರ್ಷ, ನಿರೂಪಣೆ, ಉಪಮೆ, ವ್ಯಂಗ್ಯ ಎಂದು ಸಾಲಾಗಿ ಬರೆದಿತ್ತು. ಈಗ ಮೊಮ್ಮಗಳ ಪುಸ್ತಕದಲ್ಲೂ ಅವೇ ಇವೆ. ಮಗಳು ಅಷ್ಟನ್ನೂ ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದಳು. ಕಥೆ ಬರೆ ಅಂದರೆ ಮಾತ್ರ ಒಂದೂರು, ಒಬ್ಬ ರಾಜ, ಚಂದ್ರನಂಥ ಮುಖದ ರಾಣಿ.

"ಚಂದ್ರನ ತುಂಬಾ ಕಲೆ ಇದೆಯಲ್ಲೇ, ರಾಣಿಗೆ ಸಿಡುಬು ಬಂದಿತ್ತಾ?" ಎಂದು ಕೇಳಿದೆ.

ಅತ್ತಳು. ಅಳಲಿ ಎಂದು ಬಿಟ್ಟೆ.

ನನಗೆ ಕಥೆ ಹೇಳುವುದು ಬಂದದ್ದು ಹಪ್ಪಳದಿಂದ. ನಮ್ಮ ವಠಾರದಲ್ಲಿ ಬೇಸಿಗೆ ಬಂತೆಂದರೆ ಇವತ್ತು ಒಬ್ಬರ ಮನೆ ಹಪ್ಪಳ, ನಾಳೆ ಇನ್ನೊಬ್ಬರದು. ಎಲ್ಲರೂ ತಮ್ಮ ತಮ್ಮ ಮಣೆ, ಲಟ್ಟಣಿಗೆ ಹಿಡಿದು ಬರಬೇಕು. ಯಾರ ಮನೆಯ ಹಿಟ್ಟೋ ಆ ಮನೆಯವಳು ಕಥೆ ಹೇಳಬೇಕು. ಕಥೆಯ ಆಸೆಗೇ ಕೈ ಓಡುವುದು. ಮದುವೆಯಾಗಿ ಬಂದ ಮೊದಲ ವರ್ಷ, ಇನ್ನೂ ಅರ್ಧ ಹಿಟ್ಟು ಇರುವಾಗಲೇ ನಾನು ಕಥೆಯಲ್ಲಿ ಕಳ್ಳನನ್ನು ಹಿಡಿಸಿಬಿಟ್ಟೆ. ತಕ್ಷಣ ಒಬ್ಬಳಿಗೆ ಒಲೆ ಮೇಲಿನ ಬೇಳೆ ನೆನಪಾಯಿತು, ಇನ್ನೊಬ್ಬಳಿಗೆ ತೊಟ್ಟಿಲಿನ ಮಗು. ಒಬ್ಬೊಬ್ಬರೇ ಎದ್ದರು. ಅತ್ತೆ, ನಾನು ಇಬ್ಬರೇ ಉಳಿದೆವು. ಎಷ್ಟೆಂದು ಲಟ್ಟಿಸುವುದು? ಹಿಟ್ಟು ಒಣಗಿ ಬಿರುಕುಬಿಟ್ಟಿತು.

"ಕಳ್ಳನ್ನ ಹಿಡಿಯೋಕೆ ಅದೇನೇ ಅಷ್ಟು ಅವಸರ ನಿಂಗೆ? ನಿಮ್ಮಪ್ಪ ಪೊಲೀಸಾ?" ಎಂದರು ಅತ್ತೆ.

ಮಾರನೇ ವರ್ಷ ನನ್ನ ಕಳ್ಳ ಕೊನೆಯ ಉಂಡೆಯವರೆಗೂ ಓಡಿದ. ಒಬ್ಬಳೂ ಏಳಲಿಲ್ಲ.

ಮಗಳಿಗೆ ಹೇಳಿದ್ದು ಇಷ್ಟೇ. ರಾಜನನ್ನು ಬಿಡು, ಬೀದಿ ನಲ್ಲಿಯನ್ನು ನೋಡು. ಆ ವಾರ ಅಲ್ಲಿ ಒಂದು ಹಿತ್ತಾಳೆ ಕೊಡ ಕಳುವಾಗಿತ್ತು. ಕದ್ದವಳೇ ಎಲ್ಲರಿಗಿಂತ ಜೋರಾಗಿ ಕಳ್ಳರನ್ನು ಬೈದಿದ್ದಳು, ಆಮೇಲೆ ಸಿಕ್ಕಿಬಿದ್ದಳು. ನಲ್ಲಿ ಜಗಳ ಎಲ್ಲಾದರೂ ಕಥೆಯಾಗುತ್ತದೆಯೇ ಎಂದು ಮಗಳು ಮೂಗು ಮುರಿದಳು. ಜಗಳ ಮುಗಿಯುವವರೆಗೆ ಜನ ನೀರು ಹಿಡಿಯುವುದನ್ನೂ ಮರೆತು ನಿಲ್ಲುತ್ತಾರಲ್ಲ, ಇನ್ನೇನು ಬೇಕು ಎಂದೆ. ಬರೆದು ತಂದಳು. ಎಲ್ಲವನ್ನೂ ಆಕಾಶದಿಂದ ನೋಡಿದವಳ ಹಾಗೆ ಬರೆದಿದ್ದಳು.

"ಹೇಳ್ತಿರೋಳು ಯಾರು ಇಲ್ಲಿ? ನೀನೇನು ಹದ್ದಾ? ಕದ್ದೋಳ ಮಗಳು ಹೇಳ್ಲಿ."

ಬರೆದ ಹಾಳೆ ಹರಿದು ಹೊಸದು ತೆಗೆದಳು. ಆಮೇಲೆ ಕೂತು ಒಂದೇ ಸಮ ಬರೆದಳು, ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಒಂದು ಅಕ್ಷರ ಸೇರಿಸಲಿಲ್ಲ. ಸೊನ್ನೆ ಬಂದದ್ದು ಆ ಕಥೆಗೆ.

ಮಾರನೇ ದಿನ ಅವಳ ರಟ್ಟೆ ಹಿಡಿದು ಶಾಲೆಗೆ ನಡೆಸಿದೆ. ಮೇಡಂ ಕೆಟ್ಟವರೇನಲ್ಲ. ನೋಡೀಮ್ಮ, ತಾಯಿ ಕಳ್ಳಿ ಅಂತ ಗೊತ್ತಿದ್ದೂ ಮಗಳು ಅವಳ ತಲೆ ಬಾಚುತ್ತಾ ಕೂರುವುದನ್ನೆಲ್ಲ ಈ ವಯಸ್ಸಿನವರು ಬರೆಯುವುದಿಲ್ಲ ಎಂದರು. ನಿಮ್ಮ ಕಣ್ಣೆದುರೇ ಇನ್ನೊಂದು ಬರೆಸಿ ಎಂದೆ. ಅವರು ಸುತ್ತ ನೋಡಿ, ಸ್ಟಾಫ್ ರೂಮಿನ ಮೂಲೆಯಲ್ಲಿ ಯಾರೋ ಮರೆತುಹೋಗಿದ್ದ, ಕಡ್ಡಿ ಮುರಿದ ಛತ್ರಿ ತೋರಿಸಿದರು. ಇದರ ಮೇಲೆ ಬರಿ, ಒಂದು ಪೀರಿಯಡ್ ಟೈಮು ಎಂದರು.

ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಆಗ ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಪಕ್ಕದಲ್ಲಿ ನಾನಿದ್ದೆ, ತಪ್ಪಿದರೆ ಬೈಯುತ್ತಿದ್ದೆ. ಇಲ್ಲಿ ಮತ್ತೆ ರಾಜ ರಾಣಿ ಬಂದರೆ ಹುಡುಗಿಯ ಮಾನ ಪೂರ್ತಿ ಹೋಗುತ್ತದೆ. ಬಾಗಿಲ ಸಂದಿಯಲ್ಲಿ ನೋಡಿದರೆ ಅವಳು ಬರೆಯುತ್ತಲೇ ಇರಲಿಲ್ಲ. ಎದ್ದು ಹೋಗಿ ಛತ್ರಿ ಬಿಚ್ಚಿದಳು, ಮೂಸಿದಳು, ಹಿಡಿಯನ್ನು ಕೈಯಲ್ಲಿ ಆಡಿಸಿದಳು. ಆಮೇಲೆ ಕೂತವಳು ತಲೆ ಎತ್ತಲಿಲ್ಲ.

ಗಂಟೆ ಹೊಡೆಯಿತು. ಮೇಡಂ ಹಾಳೆ ತೆಗೆದುಕೊಂಡು ನಿಂತೇ ಓದತೊಡಗಿದರು, ಎರಡನೇ ಪುಟಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಓದಿ ಮುಗಿಸಿ ಹಾಳೆಯ ಹಿಂಬದಿ ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಆ ಛತ್ರಿ ಬಿಟ್ಟೋಗಿದ್ದು ಈ ಕಥೇಲಿರೋ ಹುಡುಗಿ ತಂದೇನಾ?"

"ಪೀರಿಯಡ್ ಮುಗೀತಲ್ಲ ಮೇಡಂ," ಎಂದಳು ನನ್ನ ಮಗಳು.

"ಪೀರಿಯಡ್ ಹಾಳಾಗ್ಲಿ. ಕೂತ್ಕೊಂಡು ಮುಗ್ಸು."

ಅವಳು ಮುಗಿಸಿದಳು. ಮೇಡಂ ಹಳೇ ಕಥೆಯನ್ನು ತರಿಸಿಕೊಂಡು, ಸೊನ್ನೆ ಹೊಡೆದುಹಾಕಿ, ಹತ್ತಕ್ಕೆ ಒಂಬತ್ತು ಬರೆದು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ.

"ಸೊನ್ನೆ ಹಾಕಿದ್ದು ಎಲ್ಲಾರ ಎದುರಿಗೆ ಮೇಡಂ. ತೆಗೆಯೋದೂ ಎಲ್ಲಾರ ಎದುರಿಗೇ ಆಗ್ಲಿ."

ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ಎದ್ದರು, ಬನ್ನಿ ಎಂದರು.

ಕ್ಲಾಸಿನಲ್ಲಿ ಅವರು ಸುತ್ತಿಬಳಸಲಿಲ್ಲ. ನಾನು ತಪ್ಪು ತಿಳ್ಕೊಂಡಿದ್ದೆ, ಇದು ಇವಳದೇ ಕಥೆ ಎಂದರು. ಅಷ್ಟು ಹೇಳುವುದಕ್ಕೂ ಎದೆ ಬೇಕು, ಅದನ್ನು ನಾನು ಒಪ್ಪುತ್ತೇನೆ. ಆಮೇಲೆ ಮಗಳನ್ನು ಮುಂದೆ ನಿಲ್ಲಿಸಿ ಕಥೆ ಓದಿಸಿದರು. ಮೊದಲು ದನಿ ನಡುಗಿತು. ಕದ್ದವಳ ತಲೆ ಬಾಚುವ ಜಾಗಕ್ಕೆ ಬರುವಷ್ಟರಲ್ಲಿ ನೆಟ್ಟಗಾಗಿತ್ತು. ನಾನು ಕಿಟಕಿಯ ಹೊರಗೆ ನಿಂತು ಅವಳನ್ನು ನೋಡಲಿಲ್ಲ, ಬೆಂಚುಗಳ ಮೇಲಿನ ಮುಖಗಳನ್ನು ನೋಡಿದೆ. ಹಿಂದಿನ ದಿನ ನಕ್ಕವರು ಯಾರ್ಯಾರೋ ನನಗೇನು ಗೊತ್ತು? ಈಗ ಒಬ್ಬಳೂ ಮಿಸುಕಾಡುತ್ತಿರಲಿಲ್ಲ.