ಮಂತ್ರಿಯ ಹುಲ್ಲು, ದೊಡ್ಡಮ್ಮನ ಕುರಿ

ನಮ್ಮ ದೊಡ್ಡಮ್ಮ ಕುರಿ ಸಾಕಿ ಬದುಕಿದವಳು. ಊರಿನವರು ಅವಳನ್ನು ಕುರಿಯಮ್ಮ ಎಂದೇ ಕರೆಯುತ್ತಿದ್ದರು, ಅವಳೂ ಓ ಎನ್ನುತ್ತಿದ್ದಳು. ಊರಂಚಿನ ಹಳೆಯ ಇಟ್ಟಿಗೆ ಕಾರ್ಖಾನೆಯ ಗೋಡೆಗೆ ಆನಿಸಿ ಕಟ್ಟಿದ ತಗಡಿನ ಶೆಡ್ಡು ಅವಳದು. ಅದರಲ್ಲಿ ಮುಕ್ಕಾಲು ಪಾಲು ಕುರಿಗಳಿಗೆ, ಉಳಿದ ಮೂಲೆಯಲ್ಲಿ ಇವಳ ಮಂಚ, ಒಲೆ, ಮೊಳೆಗೆ ತೂಗುಹಾಕಿದ ಉಣ್ಣೆ ಕತ್ತರಿ. ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದುಬಿಡು ಎಂದು ಅಮ್ಮ ಎಷ್ಟು ಗೋಗರೆದರೂ ಬರಲಿಲ್ಲ. ನಿಮ್ಮ ಮನೆಯಲ್ಲಿ ಮನುಷ್ಯರ ವಾಸನೆ ಜಾಸ್ತಿ ಎಂದು ನಕ್ಕುಬಿಟ್ಟಳು.

ಆ ಶೆಡ್ಡಿನ ಮೇಲೆ ಪುರಸಭೆಯ ಕಣ್ಣು ಬಿತ್ತು. ಮೇಯಿಸಲು ಸ್ವಂತ ನೆಲವಿಲ್ಲದವರು ಕುರಿ ಮಾರಿದರೆ ಅದು ಕೃಷಿಯಲ್ಲವಂತೆ, ವ್ಯಾಪಾರವಂತೆ. ಹಾಗಾಗಿ ಶೆಡ್ಡಿಗೆ ಅಂಗಡಿಯ ತೆರಿಗೆ. ಅದನ್ನು ಕಟ್ಟಬೇಕೆಂದರೆ ಅರ್ಧ ಮಂದೆಯನ್ನು ಕಟುಕನ ಕೈಗೆ ಕೊಡಬೇಕು. ದೊಡ್ಡಮ್ಮನ ನಗು ನಿಂತದ್ದು ಆಗ.

ಅದೇ ಹೊತ್ತಿಗೆ ಬೆಟ್ಟದ ಬಂಗಲೆಯ ಮ್ಯಾನೇಜರು ಹಲ್ಲು ಕಿರಿಯುತ್ತಾ ಬಂದ. ಬಂಗಲೆಯ ಯಜಮಾನರು ಮಂತ್ರಿಗಳು. ಕೂತು ತಿಂದರೂ ಕರಗದಷ್ಟು ಆಸ್ತಿ ಇದ್ದವರು. ಮಂತ್ರಿಯಾಗುವಾಗ ತಮ್ಮ ಗಿರಣಿಗಳನ್ನು ಮಾರಿದರು. ಜನಸೇವೆಗಾಗಿ ಮಾರಿದ್ದು ಎಂದು ಆ ಲಾಭಕ್ಕೆ ತೆರಿಗೆ ಮಾಫಿ. ವಾಸ ಸ್ವಂತ ಬಂಗಲೆಯಲ್ಲೇ, ಆದರೂ ಸರ್ಕಾರದಿಂದ ಮನೆ ಬಾಡಿಗೆ ಬರುತ್ತಿತ್ತು. ಕಾರು, ಪೆಟ್ರೋಲು, ಹಲ್ಲುನೋವಿನ ಮಾತ್ರೆ ಎಲ್ಲ ಪುಕ್ಕಟೆ. ಇಷ್ಟು ನುಂಗಿದರೂ ತೇಗು ಬಾರದ ಹೊಟ್ಟೆ. ಈಗ ಬಂಗಲೆಯ ಸುತ್ತಲಿನ ಹುಲ್ಲುಹಾಸಿಗೂ ತೆರಿಗೆ ತಪ್ಪಿಸಬೇಕಿತ್ತು. ಅಲ್ಲಿ ಕುರಿ ಮೇದರೆ ಅದು ಹುಲ್ಲುಗಾವಲು, ಹುಲ್ಲುಗಾವಲಿಗೆ ತೆರಿಗೆ ಇಲ್ಲ. ಆ ಕಾನೂನಿಗೆ ಕೈಯೆತ್ತಿದವರಲ್ಲಿ ಈ ಸಾಹೇಬರೂ ಒಬ್ಬರು.

"ನೋಡಮ್ಮ, ನಿನ್ನ ಕುರಿ ನಮ್ಮಲ್ಲಿ ಮೇಯ್ಕೊಂಡಿರ್ಲಿ," ಎಂದ ಮ್ಯಾನೇಜರು. "ಸಾಹೇಬ್ರು ಒಂದು ಮಾತು ಹೇಳಿದ್ರೆ ನಿನ್ನ ಶೆಡ್ಡು ಅಂಗಡಿ ಲೆಕ್ಕದಿಂದ ಆಚೆ ಬರುತ್ತೆ."

ದೊಡ್ಡಮ್ಮ ಒಪ್ಪಿಕೊಂಡಳು. ನನಗೂ ಅದು ಒಳ್ಳೆಯದೇ ಅನಿಸಿ, ಬಿಡುವಿದ್ದಾಗಲೆಲ್ಲ ಮಂದೆ ಹೊಡೆಯಲು ಜೊತೆಗೆ ಹೋದೆ. ಹೋಗಿ ನೋಡಿದರೆ ಅಲ್ಲಿನ ಕಾಯಿದೆಯೇ ಬೇರೆ. ಕುರಿಗಳು ಬಂಗಲೆಯ ಕಿಟಕಿಗೆ ಕಾಣಬೇಕು, ಆದರೆ ಅರಚಬಾರದು. ಅತಿಥಿಗಳು ಬಂದರೆ ಹಿಂದಿನ ಬೇಲಿಗೆ ಅಟ್ಟಬೇಕು. ಆ ಬೇಲಿಯುದ್ದಕ್ಕೂ ಕಣಗಿಲೆ. ಕಣಗಿಲೆ ಕುರಿಗೆ ವಿಷ, ಅಡ್ಡ ಒಂದು ಬಲೆಯಾದರೂ ಕಟ್ಟಿಸಿ ಎಂದು ದೊಡ್ಡಮ್ಮ ಕೇಳಿಕೊಂಡಳು. ಬಲೆ ಕಟ್ಟಿದರೆ ಹೂವಿನ ಅಂದ ಕೆಡುತ್ತದೆ, ಮೇಡಂ ಒಪ್ಪುವುದಿಲ್ಲ ಎಂದು ಮ್ಯಾನೇಜರು ಮೂಗು ಮುರಿದ.

ಒಂದು ಔತಣದ ದಿನ ಬೇಲಿಗೆ ಅಟ್ಟಿದ ಕುರಿಗಳಲ್ಲಿ ಬೋಳಿ ಬಿದ್ದುಬಿಟ್ಟಳು. ಬೋಳಿ ಎಂದರೆ ಮಂದೆಯ ಹಿರಿಯಳು, ಆಗಷ್ಟೇ ಮರಿ ಹಾಕಿದ್ದವಳು. ಬಾಯಲ್ಲಿ ನೊರೆ, ಕಾಲು ಸೆಟೆದಿತ್ತು. ದೊಡ್ಡಮ್ಮ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹುಲ್ಲುಹಾಸಿನ ಆ ತುದಿಯಲ್ಲಿ ವಾದ್ಯದವರು ನುಡಿಸುತ್ತಲೇ ಇದ್ದರು.

ಪರಿಹಾರ ಕೇಳಿದ್ದಕ್ಕೆ ಮ್ಯಾನೇಜರು ಕೈ ತೊಳೆದುಕೊಂಡ. ನಿನ್ನ ಕುರಿ, ನಿನ್ನ ನಷ್ಟ, ಸಾಹೇಬರಿಗೂ ಅದಕ್ಕೂ ಏನು ಸಂಬಂಧ ಎಂದ. ಉಳಿದ ಕುರಿಗಳನ್ನು ಹೊಡೆದುಕೊಂಡು ಹೋಗುತ್ತೇನೆಂದರೆ, ತೆರಿಗೆ ಅಧಿಕಾರಿ ಬಂದು ನೋಡುವ ತನಕ ಇರಲಿ, ಇಲ್ಲವಾದರೆ ಶೆಡ್ಡಿನ ಮಾತು ಮರೆತುಬಿಡು ಎಂದ. ದೊಡ್ಡಮ್ಮ ಮರುದಿನವೂ ಮಂದೆಯನ್ನು ಬೆಟ್ಟಕ್ಕೇ ಹೊಡೆದಳು. ತಾಯಿಯಿಲ್ಲದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ತನ್ನ ಮಂಚದ ಕೆಳಗೇ ಮಲಗಿಸಿಕೊಂಡಳು.

ಅಧಿಕಾರಿ ಒಂದು ಬೆಳಿಗ್ಗೆ ಬಂದ. ಬೂಟಿಗೆ ಇಬ್ಬನಿ ತಾಗದಂತೆ ಹುಲ್ಲಿನ ಮೇಲೆ ಹುಷಾರಾಗಿ ಕಾಲಿಟ್ಟ. ಮ್ಯಾನೇಜರು ಕೈ ಬೀಸಿ ಮಂದೆ ತೋರಿಸಿದ. ಎಲ್ಲ ಸಾಹೇಬರದೇ, ಈಕೆ ಕಾಯುವ ಆಳು ಎಂದ. ದೊಡ್ಡಮ್ಮ ಅದನ್ನೂ ನುಂಗಿಕೊಂಡಳು. ಆಮೇಲೆ ಅವನು ದನಿ ಇಳಿಸಿ, "ಹೋದ ತಿಂಗಳು ಸಾಹೇಬ್ರ ಕುರಿ ಒಂದು ಸತ್ತೋಯ್ತು. ಆ ನಷ್ಟಾನೂ ಅವರ ತೆರಿಗೇಲಿ ಕಳೀಬೇಕು," ಎಂದ.

ದೊಡ್ಡಮ್ಮನ ಮುಖ ಕೆಂಪಾಯಿತು. ಜಗಳವಾಡಲಿಲ್ಲ. ನೆಟ್ಟಗೆ ಗೇಟಿನ ಬಳಿ ಹೋಗಿ ನಿಂತು, ನಾಲಿಗೆ ಹೊರಳಿಸಿ ಟ್ರ್ರ್ರ್ ಎಂದು ಕರೆದಳು. ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿ, ಮ್ಯಾನೇಜರನ ಕಾಲಡಿ ನುಸುಳಿ ಅವಳ ಹಿಂದೆ ಓಡಿದವು. ಅವನು ಹೊಯ್ ಹೊಯ್ ಎಂದು ಅಡ್ಡ ಹೋದ; ಕುರಿಗಳು ಅವನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಶೆಡ್ಡು ಹೋದರೂ ಹೋಗಲಿ, ಮಾನ ಉಳಿಯಿತು ಎಂದು ನನ್ನೆದೆ ಉಬ್ಬಿತು.

ಗೇಟು ಎಳೆಯಲು ನಾನು ಹಿಂದೆ ಉಳಿದಿದ್ದೆ. ಖಾಲಿ ಹುಲ್ಲಿನ ಮೇಲೆ ನಿಂತಿದ್ದ ಅಧಿಕಾರಿ ಬಗ್ಗಿ ಬೂಟಿನ ತುದಿಯಿಂದ ಏನನ್ನೋ ಹೊರಳಿಸಿ ನೋಡಿದ. "ಹಿಕ್ಕೆ ಇದೆಯಲ್ಲ, ಸಾಕು ಬಿಡಿ," ಎಂದ. "ಹುಲ್ಲುಗಾವಲೇ."

ಥೂ, ಎಂಥ ಜನ!

ಮಧ್ಯಾಹ್ನ ಅದೇ ಮನುಷ್ಯ ದೊಡ್ಡಮ್ಮನ ಶೆಡ್ಡಿಗೂ ಬಂದ. ಬೆಟ್ಟದ ಮೇಲೆ ಅವನು ಹೇಳಿದ್ದನ್ನು ನಾನು ಅವಳಿಗೆ ಅಷ್ಟರಲ್ಲಿ ಹೇಳಿಬಿಟ್ಟಿದ್ದೆ. ಅವಳು ಪೊರಕೆ ಹಿಡಿದುಕೊಂಡೇ ಕೇಳಿದಳು.

"ಅಲ್ಲಿ ಕುರಿ ಇಲ್ದೇ ಇದ್ರೂ ಹಿಕ್ಕೆ ಸಾಕಾಯ್ತು. ಇಲ್ಲಿ ಕುರೀನೂ ಇದೆ, ಹಿಕ್ಕೇನೂ ಇದೆ. ನಂಗ್ಯಾಕೆ ಸ್ವಾಮಿ ಸಾಲ್ದು?"

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. "ಅವರಿಗೆ ಹುಲ್ಲಿದೆ ಅಮ್ಮ," ಎಂದ.

ಅಂಗಡಿ ತೆರಿಗೆಯೇ ಗಟ್ಟಿಯಾಯಿತು. ಅರ್ಧ ಮಂದೆ ಕಟುಕನ ಗಾಡಿ ಹತ್ತಿತು. ಕೊನೆಗೆ ಇನ್ನೂ ಸ್ವಲ್ಪ ಕಡಿಮೆ ಬಿದ್ದು ಬೋಳಿಯ ಮರಿಯನ್ನೂ ಕೊಡಬೇಕಾಯಿತು. ಗಾಡಿಗೆ ಹತ್ತಿಸುವಾಗ ಅದು ಅವಳ ಸೆರಗನ್ನು ಬಾಟಲಿಯೆಂದುಕೊಂಡು ಚೀಪುತ್ತಿತ್ತು.

ಕೆಲವು ದಿನಗಳಾದ ಮೇಲೆ ನಾವಿಬ್ಬರೂ ಶೆಡ್ಡಿನ ಮುಂದೆ ಕೂತಿದ್ದಾಗ ಮಂತ್ರಿಯ ಸರ್ಕಾರಿ ಕಾರು ಪುಕ್ಕಟೆ ಪೆಟ್ರೋಲು ಸುಡುತ್ತಾ ಧೂಳೆಬ್ಬಿಸಿಕೊಂಡು ಬೆಟ್ಟದ ಕಡೆ ಹೋಯಿತು. ದೊಡ್ಡಮ್ಮ ಬಾಯಿಗೆ ಬಂದ ಧೂಳನ್ನು ಉಗಿದಳು.

"ನೋಡೋ, ನಮ್ಮ ಮರಿ ಹೋಗ್ತಾ ಇದೆ," ಎಂದಳು.