ಚಿಗರಿಗೆ ಕಲಿಸಿದ್ದು

ನನ್ನ ಅತ್ತಿಗೆಯನ್ನು ಹೋರಿಯ ಕೊಂಬಿಗೆ ಒಡ್ಡಿದವನು ನಾನು. ಇಷ್ಟು ವರ್ಷ ಊರು ಅವರನ್ನೇ ಬೈದಿತು — ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನಿಸುತ್ತದೆ.

ಆಗ ನಾನು ಪ್ರಾಣಿಗಳ ಕಲಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಬುರುಡೆ ಕೊರೆಯದೆ, ಸೂಜಿ ಚುಚ್ಚದೆ, ಇಲಿಯ ತಲೆಯ ಮೇಲೆ ಒದ್ದೆ ಪಟ್ಟಿ ಇಟ್ಟು ಸಣ್ಣಗೆ ಕರೆಂಟು ಹರಿಸುವುದು. ಆ ಹೊತ್ತಿನಲ್ಲಿ ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆಯೇ ಎಂದು ನೋಡುವುದು. ಕೆಲವು ಇಲಿಗಳು ಬೇಗ ಕಲಿತವು, ಕೆಲವು ಇಲ್ಲ. ನಾನು ಮಾತ್ರ ಎಲ್ಲ ತಿಳಿದವನಂತೆ, ಯಾರನ್ನೂ ಕೇಳದೆ ಆ ಕರೆಂಟು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು, ಐರಣಿ ಹತ್ತಿರದ ನಮ್ಮ ಊರಿಗೆ ರಜೆಗೆ ಬಂದೆ.

ಬ್ಯಾಡಗಿಯ ಹೋರಿ ಓಟಕ್ಕೆಂದು ಅಣ್ಣ ಚಿಗರಿ ಎಂಬ ಹೋರಿ ಸಾಕಿದ್ದ. ಅಣ್ಣ ಸಾಕಿದ್ದ ಎನ್ನುವುದೂ ಸುಳ್ಳೇ — ತಾಯಿ ಸತ್ತ ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು ನನ್ನ ಅತ್ತಿಗೆ ಶಾಂತಾ ವೈನಿ. ಓಟದಲ್ಲಿ ಪಟಾಕಿ ಸಿಡಿದೊಡನೆ ಹೋರಿ, ಹಿಡಿಯಬರುವ ಜನರ ಕೈಗೆ ಸಿಗದಂತೆ, ನುಗ್ಗಬೇಕು. ಚಿಗರಿ ನಿಂತುಬಿಡುತ್ತಿತ್ತು. ನಾನು ಕಲಿಸುತ್ತೇನೆ ಎಂದು ಅಣ್ಣನ ಮುಂದೆ ಜಂಬ ಕೊಚ್ಚಿದೆ.

ಹಣೆಯ ಕೂದಲು ಬೋಳಿಸಿ ಯಂತ್ರದ ಪಟ್ಟಿ ಕಟ್ಟಬೇಕಾದರೆ ಚಿಗರಿ ವೈನಿಯ ಕೈಗೆ ಮಾತ್ರ ನಿಲ್ಲುತ್ತಿತ್ತು.

“ತಮ್ಮಾ, ಇದಕ್ಕ ತ್ರಾಸ ಆಗೂದಿಲ್ಲಲ್ಲ?”

“ಏನೂ ಆಗೂದಿಲ್ರಿ ವೈನಿ. ಇರುವಿ ಹರದಂಗ ಆಗತೈತಿ, ಅಷ್ಟ.”

ಅವರು ಅದರ ಕೊರಳು ಸವರುತ್ತಾ ನಿಲ್ಲುತ್ತಿದ್ದರು. ನಾನು ಕರೆಂಟು ಬಿಟ್ಟು, ಹಿಂದೆ ಪಟಾಕಿ ಹಚ್ಚುತ್ತಿದ್ದೆ. ದಿನಾ. ಅದರ ಮೈ ನಡುಗುವುದು ಕಾಣುತ್ತಿತ್ತು — ಕಂಡೂ ಕಂಡೂ — ವೈನಿ ಸಾಕು ಎಂದರೆ “ಕಲಿಯಾಕತ್ತೈತ್ರಿ” ಎನ್ನುತ್ತಿದ್ದೆ.

ಕಲಿಯಿತು. ವೈನಿಯ ಕೈ ಮೈಮೇಲೆ ಬಂತೆಂದರೆ ಹಿಂದೆಯೇ ಸಿಡಿಲು ಬಡಿಯುತ್ತದೆ ಎಂದು ಕಲಿಯಿತು.

ಬ್ಯಾಡಗಿಯಲ್ಲಿ ಚಿಗರಿ ಯಾರ ಕೈಗೂ ಸಿಗದೆ ಓಡಿತು. ಜನ ಸಿಳ್ಳೆ ಹೊಡೆದರು, ನಾನೂ ಹೊಡೆದೆ. ಓಟದ ಕೊನೆಯಲ್ಲಿ ವೈನಿ ಬೆಲ್ಲ ಹಿಡಿದು ಕಾಯುತ್ತಿದ್ದರು. ಕೈ ಚಾಚಿದರು. ಅದು ಆ ಕೈಯನ್ನು ನೋಡಿತು — ತಲೆ ತಗ್ಗಿಸಿ ನುಗ್ಗಿತು.

ಧೂಳಿನಲ್ಲಿ ಬಿದ್ದಿದ್ದ ವೈನಿಯನ್ನು ಎತ್ತುವ ಮೊದಲೇ ಅಣ್ಣ ನನ್ನತ್ತ ತಿರುಗಿ ಕೂಗಿದ: “ಏನ್ ಮಾಡೀದಿ ಅದಕ್ಕ?”

ಉತ್ತರ ನನ್ನಲ್ಲಿತ್ತು. ನಾನು ಆಡಿದ್ದು ಇದು: “ವೈನಿ ಅವಸರ ಮಾಡಿದ್ರು, ಅಣ್ಣಾ. ಎದರಿಗೆ ಹೋಗಬಾರದಿತ್ತು.”

ವೈನಿಯ ಮುರಿದ ಭುಜದ ಮೂಳೆ ಕೂಡಿತು. ತೋಳು ಮಾತ್ರ ಮತ್ತೆ ಪೂರಾ ಮೇಲೇಳಲಿಲ್ಲ. ಚಿಗರಿಯನ್ನು ಹಾವೇರಿ ಸಂತೆಯಲ್ಲಿ ಮಾರಿದರು. ಆಕೆಯ ಕೈಗುಣವೇ ಸರಿಯಿಲ್ಲ ಎಂದಿತು ಊರು. ಅಣ್ಣನೂ ಎಂದ. ಕೊನೆಗೆ ವೈನಿಯೂ ಅದನ್ನೇ ನಂಬಿದರು.

ಆ ಕರೆಂಟು ಹೋರಿಯ ದಪ್ಪ ಬುರುಡೆ ದಾಟಿ ಮಿದುಳು ಮುಟ್ಟಿತೋ ಇಲ್ಲವೋ, ಇಂದಿಗೂ ತಿಳಿಯದು. ಬಹುಶಃ ಮುಟ್ಟಿರಲಾರದು. ಇದೊಂದು ಅನುಮಾನವನ್ನೇ ಹೊದ್ದುಕೊಂಡು ಎಷ್ಟು ವರ್ಷ ನೆಮ್ಮದಿಯಾಗಿ ಮಲಗಿದೆ! ಥೂ. ಪಟಾಕಿ ಹಚ್ಚಿದವನು ಯಾರು? ಸುಳ್ಳು ಹೇಳಿದವನು ಯಾರು?

ಮೊನ್ನೆ ಮನೆಯ ಆಕಳು ಈಯಿತು. ಕರು ಎದ್ದು ನಿಲ್ಲಲಾರದೆ ಒದ್ದಾಡುತ್ತಿತ್ತು. ವೈನಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದರು. “ನೀನ ಹಿಡಿ ತಮ್ಮಾ. ನನ್ನ ಕೈಗೆ ಅಂಜತಾವ.”

ಆಗ ಹೇಳಿದೆ. ಅಣ್ಣನ ಎದುರಿಗೇ, ಎಲ್ಲವನ್ನೂ. ಅಣ್ಣ ಹೆಂಡತಿಯ ಮುಖ ನೋಡಲಾರದೆ ಹೊರಗೆ ಹೋದ. ವೈನಿ ಭುಜದ ಮಾತೇ ಎತ್ತಲಿಲ್ಲ.

“ಆ ಮೂಕ ಪ್ರಾಣಿ ನನ್ನ ನಂಬಿ ನಿಂತಿತ್ತಲ್ಲೋ! ನನ್ನ ಕೈಲೇ ಮಾಡಿಸಿದೆಲ್ಲೋ!”

ಕ್ಷಮೆ ಕೇಳಲು ಬಾಯಿ ತೆರೆದೆ. “ಬ್ಯಾಡ. ಊರ ಮುಂದ ಹೇಳ ಹೋಗು” ಎಂದರು.

ಹೋದೆ. ಹೋರಿ ಕಟ್ಟುವವರು ಕೂರುವ ಚಹಾದಂಗಡಿಯಲ್ಲಿ ನಿಂತು ಹೇಳಿದೆ. ಕೆಲವರು ನಕ್ಕರು. “ಹಳೇ ಮಾತು, ಬಿಡ್ರಿ ಸರ” ಎಂದ ಒಬ್ಬ — ವೈನಿಯನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಅವನೇ.

ಬಿಡುವುದಿಲ್ಲ. ಅವನ ಮನೆಗೂ ಹೋಗಿ ಹೇಳುತ್ತೇನೆ.