ಭಾವನ ಹೆಸರು, ಭಾಮೈದನ ರಕ್ತ

ತಕ್ಕಡಿ ರಿಪೇರಿ ಮಾಡುತ್ತಿದ್ದರಿಂದ ಅವರನ್ನು ಎಲ್ಲರೂ ತಕ್ಕಡಿ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರು ಶಾಲೆ ಕಂಡದ್ದು ಅಷ್ಟಕ್ಕಷ್ಟೇ. ಆದರೆ ಅಂಗಡಿಗೆ ಬಂದವರನ್ನು ಪಾಠ ಹೇಳದೆ ಕಳಿಸುತ್ತಿರಲಿಲ್ಲ. ತರಕಾರಿಯವನು ಯಾರಾದರೂ ಬಂದು, ಮುಳ್ಳನ್ನು ಚೂರು ಈ ಕಡೆ ವಾಲಿಸಿಕೊಡಿ ಎಂದು ಪಿಸುಗುಟ್ಟಿದರೆ, "ಎಷ್ಟು ವಾಲಿಸ್ಲಪ್ಪಾ? ಜೋರಾಗಿ ಹೇಳು, ನಂಗೆ ಕಿವಿ ಮಂದ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಅವರ ಕಿವಿ ಚೆನ್ನಾಗಿಯೇ ಇತ್ತು.

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿ ಗಡ್ಡೆ ತೆಗೆದರು. ಮನೆಗೆ ಬಂದ ದಿನವೇ ಮೇಷ್ಟ್ರು ಅಂಗಡಿಗೆ ಹೊರಟರು. ಹೆಂಡತಿ ಅಂಗಡಿಯ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. "ರಕ್ತದಲ್ಲಿ ಆಲ್ಬುಮಿನ್ ಅಂತ ಒಂದು ಪ್ರೋಟೀನ್ ಇರುತ್ತೆ. ಈ ಕಾಯಿಲೇಲಿ ಅದು ಚೆನ್ನಾಗಿರೋರು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳ್ತಾರೆ. ಮೂರೂವರೆ ಮೇಲಿರ್ಬೇಕು, ನಿಮ್ದು ಕೆಳಗಿದೆ. ಹಾಗಂತ ಅದೊಂದೇ ಎಲ್ಲಾ ಹೇಳಿಬಿಡಲ್ಲ." ಹೆಂಡತಿಯ ಕಿವಿಗೆ ಬಿದ್ದದ್ದು ಮೂರೂವರೆ ಮಾತ್ರ.

"ಮೂರೂವರೆ ದಾಟ್ಲಿ, ಬೀಗದ ಕೈ ಕೊಡ್ತೀನಿ."

"ಲೇ, ನಾನೇನು ಪರೀಕ್ಷೆಗೆ ಕೂತಿದೀನೇನೇ?"

"ಹೂಂ. ಪಾಸಾಗಿ ಬನ್ನಿ."

ಬೆಳಿಗ್ಗೆ ಮೊಟ್ಟೆಯ ಬಿಳಿ, ಸಂಜೆ ಮೊಟ್ಟೆಯ ಬಿಳಿ. "ಇನ್ನೊಂದು ವಾರ ಹೀಗೇ ಆದ್ರೆ ಕಾವಿಗೆ ಕೂರ್ತೀನಿ ನೋಡು" ಎಂದರು ಮೇಷ್ಟ್ರು. ಮುಂದಿನ ಸಲ ರಕ್ತ ಕೊಟ್ಟಾಗ ಸಂಖ್ಯೆ ಇನ್ನೂ ಇಳಿದಿತ್ತು. ಊಟ ಒಂದರಿಂದಲೇ ಅದು ಏರುವುದಿಲ್ಲ, ಒಳಗೆ ಕಾಯಿಲೆ ಕೆರಳಿದ್ದರೆ ಇಳಿಯುತ್ತದೆ ಎಂದರು ಡಾಕ್ಟರಮ್ಮ.

ಮೇಷ್ಟ್ರಿಗೆ ಅರ್ಥವಾಯಿತು. ಅವರು ಭಾಮೈದನನ್ನು ಹಿಡಿದರು. ಹೆಂಡತಿಯ ತಮ್ಮ, ಬೇಕರಿಯ ವ್ಯಾನು ಓಡಿಸುವವನು. ವ್ಯಾನಿನಲ್ಲಿದ್ದ ಬನ್ನು ಅರ್ಧ ಅಂಗಡಿಗೆ, ಅರ್ಧ ಅವನ ಹೊಟ್ಟೆಗೆ. ಹೆಸರು ಡ್ರಮ್ಮು ಅಂತಲೇ ಆಗಿತ್ತು.

"ಮೂರೂವರೆ ಬರ್ಲಿ ಅಂತ ಕಾದ್ರೆ ನಾನು ಅಂಗಡಿ ಬಾಗಿಲು ನೋಡೋದೇ ಇಲ್ಲ ಕಣೋ. ರಕ್ತ ತೆಗೆಯೋ ಕಡೆ ನನ್ನ ಹೆಸರು ಕೂಗಿದಾಗ ನೀನು ಕೂತ್ಕೋ."

"ಭಾವ, ಸೂಜಿ ಅಂದ್ರೆ ನಂಗಾಗಲ್ಲ."

"ಎಮ್ಮೆ ಇದ್ದಂಗಿದೀಯ, ಸೂಜಿಗೆ ಹೆದರ್ತೀಯಾ?"

ಡ್ರಮ್ಮು ಕೂತ. ಸೂಜಿ ಚುಚ್ಚಿ ರಕ್ತ ತೆಗೆದದ್ದೇ ತಡ, ಕುರ್ಚಿ ಸಮೇತ ಉರುಳಿದ. ಕ್ಯಾನ್ಸರಿನ ರೋಗಿ ಪಕ್ಕದಲ್ಲಿ ಕೂತು, ಗಟ್ಟಿಮುಟ್ಟಾದವನ ಮುಖಕ್ಕೆ ನೀರು ಚಿಮುಕಿಸಿ ಗಾಳಿ ಬೀಸಿದರು.

ರಿಪೋರ್ಟು ಬಂದ ದಿನ ಹೆಂಡತಿಯೂ ಜೊತೆಗೆ ಹೋಗಿದ್ದಳು. ಡಾಕ್ಟರಮ್ಮ ಓದಿದರು. "ಆಲ್ಬುಮಿನ್ ನಾಲ್ಕೂವರೆ." ಹೆಂಡತಿಯ ಕೈ ಕೊರಳ ದಾರಕ್ಕೆ ಹೋಯಿತು. ಮೇಷ್ಟ್ರು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡರು.

"ಸಕ್ಕರೆ ನಾನೂರರ ಹತ್ರ ಇದೆ. ಹೋದ ಸಲ ಇರಲೇ ಇಲ್ಲ. ರಕ್ತ ಏರಿಸ್ಬೇಕಾಗುತ್ತೇನೋ ಅಂತ ಗ್ರೂಪ್ ನೋಡ್ಸಿದ್ದೆ, ಗ್ರೂಪೂ ಬೇರೆ. ಯಾರ್ದಪ್ಪಾ ಈ ರಕ್ತ?"

ಮೇಷ್ಟ್ರು ಮೇಲೆ ತಿರುಗುವ ಫ್ಯಾನು ನೋಡಿದರು. ಹೆಂಡತಿ ಬಾಗಿಲು ತೆರೆದಳು. ಹೊರಗಿನ ಬೆಂಚಿನ ಮೇಲೆ ಡ್ರಮ್ಮು ಬಾಯಿ ತುಂಬ ಬನ್ನು ಇಟ್ಟುಕೊಂಡು ಕೂತಿದ್ದ.

"ಬಾರೋ ಒಳಗೆ, ನಾಲ್ಕೂವರೆ!" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಮುಳ್ಳು ವಾಲಿಸಲ್ಲ ಅಂತ ಜನಕ್ಕೆಲ್ಲ ಪಾಠ ಹೇಳಿದೋರು ನೀವು!"

"ಮುಳ್ಳೆಲ್ಲಿ ವಾಲಿಸ್ದೆ? ತಟ್ಟೇಲಿ ಬೇರೆ ಸಾಮಾನು ಇಟ್ಟೆ, ಅಷ್ಟೇ."

ಡಾಕ್ಟರಮ್ಮನಿಗೂ ನಗು ತಡೆಯಲಿಲ್ಲ. ನಕ್ಕು ಮುಗಿಸಿ ಡ್ರಮ್ಮುವಿಗೆ, ಇನ್ನೂ ತಡವಾಗಿದ್ದರೆ ಕಣ್ಣು, ಕಿಡ್ನಿ ಎರಡಕ್ಕೂ ಕುತ್ತು ಬರುತ್ತಿತ್ತು ಎಂದರು. ಅವನ ಕೈಯ ಬನ್ನು ಕಸದ ಬುಟ್ಟಿಗೆ ಹೋಯಿತು. ಮೇಷ್ಟ್ರದೇ ರಕ್ತ ತೆಗೆದು ನೋಡಿದರು. ಎರಡೂಕಾಲು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಂಡತಿ ಕೊರಳಿನ ದಾರ ತೆಗೆದು ಗಂಡನ ಕೈಗಿಟ್ಟಳು.

"ಫೇಲಾದೆನಲ್ಲೇ."

"ಗೊತ್ತು. ಹೋಗಿ ಬಾಗಿಲು ತೆಗೀರಿ. ಧೂಳು ಕೂತಿರುತ್ತೆ."

ಮೇಷ್ಟ್ರು ಅಂಗಡಿಯಲ್ಲಿ ಕೂತರು. ಕೈಲಾಗದ ದಿನ ಬರಿ ಪಾಠ ಹೇಳಿದರು. ಒಬ್ಬ ತರಕಾರಿಯವನನ್ನು ಅಳಿಸಿಯೂ ಬಿಟ್ಟರು. ಆ ವರ್ಷ ಮುಗಿಯುವ ಮೊದಲೇ ಹೋದರು. ಎರಡೂಕಾಲು ಸುಳ್ಳು ಹೇಳಿರಲಿಲ್ಲ.

ಡ್ರಮ್ಮು ಈಗ ಮಾತ್ರೆ ನುಂಗುತ್ತಾನೆ, ಬೆಳಿಗ್ಗೆ ನಡೆಯುತ್ತಾನೆ. ಅಂಗಿ ಅವನ ಮೈಮೇಲೆ ಗೂಟಕ್ಕೆ ಹಾಕಿದಂತಿದೆ. ಭಾನುವಾರ ಅಂಗಡಿಗೆ ಬಂದು, ಭಾವ ಕೊನೆಯದಾಗಿ ಸರಿಮಾಡಿಟ್ಟ ಮೂಟೆ ತೂಗುವ ತಕ್ಕಡಿ ಹತ್ತುತ್ತಾನೆ.

"ಅಕ್ಕಾ, ನೋಡು, ಇಳಿದಿದೀನಿ."

ಅಕ್ಕ ಮುಳ್ಳು ನೋಡುವುದಿಲ್ಲ. ಮೊದಲು ಬಗ್ಗಿ ನೆಲ ನೋಡುತ್ತಾಳೆ.

"ಆ ಕಾಲೂ ಮೇಲಿಡೋ."